ಮಕ್ಕಳ ಸೂಪರ್‌ಹೀರೋ ಕಾಮಿಕ್ಸ್: ಹೊಸ ಓದುಗನಿಗೆ ಬಾಗಿಲು ತೆರೆದಿದೆಯೆ?

ಫ್ಯಾಂಟಮ್ ಕಥೆಗಳನ್ನು ಓದಿ ಬೆಳೆದವರಿಗೆ ಒಂದು ಸಂಗತಿ ಚೆನ್ನಾಗಿ ನೆನಪಿರುತ್ತದೆ. ಕಥೆ ಯಾವುದೇ ಇರಲಿ, ಆರಂಭದಲ್ಲಿ ಎರಡು ಮೂರು ಚಿತ್ರಗಳಷ್ಟು ಜಾಗವನ್ನು ಹಳೆಯ ವೃತ್ತಾಂತಕ್ಕೆಂದು ಬಿಟ್ಟಿರುತ್ತಿದ್ದರು. ಕಡಲ್ಗಳ್ಳರ ದಾಳಿಗೆ ಹಡಗು ಸಿಕ್ಕುತ್ತದೆ. ಒಬ್ಬ ಯುವಕ ಮಾತ್ರ ಬದುಕಿ ದಡ ಸೇರುತ್ತಾನೆ. ತಂದೆಯ ಕೊಲೆಗಾರನ ತಲೆಬುರುಡೆ ಹಿಡಿದು ಆತ ಪ್ರತಿಜ್ಞೆ ಮಾಡುತ್ತಾನೆ. ಅಂದಿನಿಂದ ತಂದೆಯ ನಂತರ ಮಗ, ಮಗನ ನಂತರ ಮೊಮ್ಮಗ ಎಂಬಂತೆ ಮುಖವಾಡದ ವೀರರ ವಂಶ ನಡೆದುಬಂದಿದೆ. ಇಷ್ಟು ಹೇಳಿ ಮುಗಿಸಿದ ಮೇಲೆಯೇ ಅಂದಿನ ಕಥೆ ಶುರುವಾಗುವುದು.

1936ರ ಫೆಬ್ರುವರಿ 17ರಂದು ಅಮೆರಿಕದ ಪತ್ರಿಕೆಗಳಲ್ಲಿ ಫ್ಯಾಂಟಮ್‌ನನ್ನು ಆರಂಭಿಸಿದ ಲೀ ಫಾಕ್, ತಡವಾಗಿ ಬಂದವರಿಗೆಂದೇ ಈ ಪದ್ಧತಿಯನ್ನು ಇಟ್ಟುಕೊಂಡಿದ್ದರು. 1964ರಲ್ಲಿ ಟೈಮ್ಸ್ ಆಫ್ ಇಂಡಿಯಾ ಬಳಗದ ಇಂದ್ರಜಾಲ ಕಾಮಿಕ್ಸ್ ಮೂಲಕ ಆತ ಭಾರತಕ್ಕೆ ಬಂದ. ಮುಂದೆ ಕನ್ನಡವನ್ನೂ ಕಲಿತ. ಮೂಲದ 'ಬೆಂಗಾಲಿ' ಕಾಡು ನಮ್ಮವರಿಗೆ ಬಂಗಾಳವೆಂಬ ಗೊಂದಲ ಹುಟ್ಟಿಸದಿರಲೆಂದೋ ಏನೋ, ಇಲ್ಲಿ 'ಡೆಂಕಾಲಿ'ಯಾಯಿತು. ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ಒಂದು ಹರಿದ ಸಂಚಿಕೆಯನ್ನು ತಂದ ಹುಡುಗನಿಗೆ ಅದು ಎಷ್ಟನೆಯ ಸಂಚಿಕೆ ಎಂದು ನೋಡುವ ಅಗತ್ಯವೇ ಇರಲಿಲ್ಲ. ಅವನಿಗೆ ಬೇಕಾದುದೆಲ್ಲ ಆ ಪುಸ್ತಕದೊಳಗೇ ಇತ್ತು.

ಹೊಸ ಓದುಗನಿಗೆ ತೋರುವ ಈ ಸಣ್ಣ ಸೌಜನ್ಯ ಎಷ್ಟು ದೊಡ್ಡದು ಎಂಬುದು ಅದು ಇಲ್ಲವಾದಾಗ ಗೊತ್ತಾಗುತ್ತದೆ. ಸೂಪರ್‌ಹೀರೋ ಕಾಮಿಕ್ಸ್ ಎಂದರೆ ಮಕ್ಕಳ ಓದು ಎಂದು ನಮ್ಮಲ್ಲಿ ಅನೇಕರು ಈಗಲೂ ತಿಳಿದಿದ್ದಾರೆ. ಆದರೆ ಅವು ಹುಟ್ಟಿದ ಅಮೆರಿಕದಲ್ಲಿ ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್, ಸ್ಪೈಡರ್‌ಮ್ಯಾನ್‌ಗಳ ಮುಖ್ಯ ಮಾಲಿಕೆಗಳು ಬಹುಕಾಲದಿಂದ ದೊಡ್ಡವರ ಓದಾಗಿವೆ. ಮಕ್ಕಳಿಗೆಂದು ಬೇರೆಯೇ ಮಾಲಿಕೆಗಳನ್ನು ಹೊರತರುವುದು ಅಲ್ಲಿ ಅರ್ಧ ಶತಮಾನದಿಂದ ನಡೆದುಬಂದ ಕ್ರಮ. ಈ ಪ್ರತ್ಯೇಕ ಪಂಕ್ತಿಯಿಂದ ಹೊಸ ಓದುಗನಿಗೆ ನಿಜಕ್ಕೂ ಉಪಕಾರವಾಯಿತೆ, ಅಥವಾ ಅವನನ್ನು ಪಡಸಾಲೆಯಲ್ಲೇ ಕೂರಿಸಿ ಕಳಿಸಿದಂತಾಯಿತೆ?

ಆರಂಭದಲ್ಲಿ ಈ ಪ್ರಶ್ನೆಗೆ ಅರ್ಥವೇ ಇರಲಿಲ್ಲ. ಆಗ ಬಂದ ಓದುಗರೆಲ್ಲರೂ ಹೊಸಬರೇ. 1938ರ ಜೂನ್ ತಿಂಗಳ 'ಆಕ್ಷನ್ ಕಾಮಿಕ್ಸ್' ಮೊದಲ ಸಂಚಿಕೆಯಲ್ಲಿ ಸೂಪರ್‌ಮ್ಯಾನ್ ಬಂದಾಗ 64 ಪುಟಗಳ ಆ ಪುಸ್ತಕದ ಬೆಲೆ 10 ಸೆಂಟ್. ಮದ್ದಿನಂಗಡಿ, ದಿನಸಿ ಅಂಗಡಿ, ಪತ್ರಿಕೆಯ ಗೂಡಂಗಡಿಗಳಲ್ಲಿ ಮಾರಾಟ. ಒಂದು ಸಂಚಿಕೆಯಲ್ಲಿ ಹಲವು ಕಥೆಗಳು, ಸಾಮಾನ್ಯವಾಗಿ ಒಂದೊಂದೂ ಅಲ್ಲಿಗಲ್ಲಿಗೇ ಮುಕ್ತಾಯ. 1940ರಲ್ಲಿ ಫಾಸೆಟ್ ಸಂಸ್ಥೆ ಹೊರತಂದ ಕ್ಯಾಪ್ಟನ್ ಮಾರ್ವೆಲ್‌ನಂತೂ ನಿಜದಲ್ಲಿ ಬಿಲ್ಲಿ ಬ್ಯಾಟ್ಸನ್ ಎಂಬ ಅನಾಥ ಹುಡುಗ. ಒಂದು ಮಂತ್ರದ ಮಾತು ಹೇಳಿದೊಡನೆ ಬಲಶಾಲಿ ಗಂಡಸಾಗುತ್ತಿದ್ದ. ಓದುವ ಹುಡುಗನಿಗೆ ಇದಕ್ಕಿಂತ ಹೆಚ್ಚಿನದು ಏನು ಬೇಕು? 1944ರ ಒಂದೇ ವರ್ಷದಲ್ಲಿ ಆತನ ಪತ್ರಿಕೆಯ ಸುಮಾರು 1 ಕೋಟಿ 40 ಲಕ್ಷ ಪ್ರತಿಗಳು ಖರ್ಚಾದವು.

ಹಿರಿಯರ ಆಕ್ಷೇಪಣೆಯೂ ಜೊತೆಜೊತೆಗೇ ಹುಟ್ಟಿತು. 1940ರ ಮೇ ತಿಂಗಳಲ್ಲಿ ಚಿಕಾಗೋ ಡೈಲಿ ನ್ಯೂಸ್ ಪತ್ರಿಕೆಯಲ್ಲಿ ಸ್ಟರ್ಲಿಂಗ್ ನಾರ್ತ್ ಎಂಬ ಲೇಖಕರು ಈ ಪುಸ್ತಕಗಳನ್ನು ರಾಷ್ಟ್ರಕ್ಕೇ ಅವಮಾನವೆಂದು ಜರೆದರು. ಕೆಟ್ಟ ಕಾಗದ, ಕೆಟ್ಟ ಮುದ್ರಣ, ಎಳೆಯ ಕಣ್ಣಿಗೆ ಶ್ರಮ ಎಂಬುದೂ ದೂರಿನ ಪಟ್ಟಿಯಲ್ಲಿತ್ತು. ಮರುವರ್ಷವೇ ಮನಶ್ಶಾಸ್ತ್ರಜ್ಞ ರಾಬರ್ಟ್ ಥಾರ್ನ್‌ಡೈಕ್ ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್ ಮೊದಲಾದ ನಾಲ್ಕು ಪತ್ರಿಕೆಗಳ ಪದಗಳನ್ನು ಕುಳಿತು ಎಣಿಸಿದರು. ಒಂದೊಂದರಲ್ಲೂ ಸುಮಾರು 10,000 ಪದಗಳು! ಭಾಷೆಯ ಮಟ್ಟ ಐದು-ಆರನೆಯ ತರಗತಿಯದು. ಬೈದವರು ಚಿತ್ರ ನೋಡಿದ್ದರು, ಥಾರ್ನ್‌ಡೈಕ್ ಅಕ್ಷರ ನೋಡಿದರು. ಓದಲು ಬೇಸರಪಡುವ ಹುಡುಗನೂ ಯಾರ ಬಲವಂತವಿಲ್ಲದೆ ತಿಂಗಳಿಗೊಮ್ಮೆ ಇಷ್ಟು ಪದಗಳನ್ನು ದಾಟಿಬರುತ್ತಾನೆ ಎಂಬುದು ಶಾಲೆಯವರು ಯೋಚಿಸಬೇಕಾದ ವಿಷಯವಾಗಿತ್ತು.

ಆದರೆ ಗೆದ್ದದ್ದು ಬೈದವರೇ. 1954ರಲ್ಲಿ ಡಾ. ಫ್ರೆಡ್ರಿಕ್ ವರ್ಥಮ್ ತಮ್ಮ ಪುಸ್ತಕದಲ್ಲಿ ಬಾಲಾಪರಾಧಕ್ಕೆ ಕಾಮಿಕ್ಸ್ ಕಾರಣವೆಂದರು. ಸೆನೆಟ್ ಉಪಸಮಿತಿ ವಿಚಾರಣೆ ನಡೆಸಿತು. ಅದೇ ವರ್ಷ ಪ್ರಕಾಶಕರು ತಾವಾಗಿಯೇ ಒಂದು ಸಂಹಿತೆಯನ್ನು ಹೇರಿಕೊಂಡರು. ವರ್ಥಮ್ ತಮ್ಮ ಬಳಿ ಬಂದ ಮಕ್ಕಳ ಮಾತುಗಳನ್ನು ತಿದ್ದಿ ತಿರುಚಿ ಬಳಸಿದ್ದರೆಂದು ಅವರ ಕಾಗದಪತ್ರಗಳನ್ನು ಪರಿಶೀಲಿಸಿದ ಸಂಶೋಧಕಿ ಕ್ಯಾರೊಲ್ ಟಿಲ್ಲಿ ತೋರಿಸಿಕೊಟ್ಟದ್ದು 2012ರಲ್ಲಿ. ಅಷ್ಟರಲ್ಲಿ ಆಗುವುದೆಲ್ಲ ಆಗಿಹೋಗಿತ್ತು.

ಸೋಜಿಗವೆಂದರೆ ಮಗುವನ್ನು ಈ ಕಥೆಗಳಿಂದ ದೂರ ಮಾಡಿದ್ದು ಈ ಸಂಹಿತೆಯಲ್ಲ. ಕಥೆ ಹೇಳುವ ಬಗೆ ಮತ್ತು ಮಾರುವ ಬಗೆ ಎರಡೂ ಬದಲಾದದ್ದು. 1961ರಲ್ಲಿ 'ಫೆಂಟಾಸ್ಟಿಕ್ ಫೋರ್' ಮೂಲಕ ಮಾರ್ವೆಲ್ ಸಂಸ್ಥೆ ಹೊಸ ಹಾದಿ ಹಿಡಿಯಿತು. ವೀರರಿಗೆ ಬಾಡಿಗೆಯ ಚಿಂತೆ, ಜಗಳ, ಪ್ರೇಮಭಂಗ ಎಲ್ಲ ಬಂದವು. ಒಂದು ಸಂಚಿಕೆಯ ಘಟನೆ ಮುಂದಿನದರಲ್ಲಿ ಮುಂದುವರಿಯಿತು. ಪುಟದ ಕೆಳಗೆ ನಕ್ಷತ್ರ ಚಿಹ್ನೆ ಹಾಕಿ, ಇದು ಇಂಥ ಪತ್ರಿಕೆಯ ಇಂಥ ಸಂಚಿಕೆಯಲ್ಲಿ ನಡೆದದ್ದು ಎಂದು ಸಂಪಾದಕರು ಟಿಪ್ಪಣಿ ಕೊಡತೊಡಗಿದರು. ಪ್ರತಿ ಸಂಚಿಕೆಯೂ ಯಾರಿಗೋ ಮೊದಲನೆಯದು ಎಂಬ ಎಚ್ಚರಿಕೆಯ ಮಾತು ಇದೇ ಸಂಸ್ಥೆಯ ಸ್ಟ್ಯಾನ್ ಲೀ ಅವರದೆಂದು ಹೇಳುವ ವಾಡಿಕೆಯಿದೆ. ಮಾತು ಒಳ್ಳೆಯದೇ. ಆದರೆ ಕಾಲೇಜು ಹುಡುಗರು ಓದತೊಡಗಿದ್ದರು, ಬೆಳೆದ ಓದುಗರು ಬಿಟ್ಟುಹೋಗಲಿಲ್ಲ, ಕಥೆಯೂ ಅವರೊಂದಿಗೆ ಬೆಳೆಯಿತು.

ಇನ್ನು ಅಂಗಡಿ. ಅಗ್ಗದ ಪುಸ್ತಕದಿಂದ ದಿನಸಿ ಅಂಗಡಿಯವನಿಗೆ ಉಳಿಯುವುದು ಬಿಡಿಗಾಸು. ಮಾರಾಟವಾಗದ ಪ್ರತಿಗಳನ್ನು ಹಿಂದಿರುಗಿಸುವ ತಾಪತ್ರಯ ಬೇರೆ. 1973ರಲ್ಲಿ ನ್ಯೂಯಾರ್ಕಿನ ಫಿಲ್ ಸ್ಯೂಲಿಂಗ್ ಎಂಬುವರು ಪ್ರಕಾಶಕರೊಡನೆ ಹೊಸ ಏರ್ಪಾಡು ಮಾಡಿಕೊಂಡರು. ಹೆಚ್ಚು ರಿಯಾಯಿತಿ ಕೊಡಿ, ಉಳಿದ ಪ್ರತಿಗಳನ್ನು ನಾವು ವಾಪಸು ಕಳಿಸುವುದಿಲ್ಲ ಎಂಬುದು ಅದರ ತಿರುಳು. ಪ್ರಕಾಶಕರಿಗೆ ನಷ್ಟದ ಭಯ ತಪ್ಪಿತು. ಕಾಮಿಕ್ಸ್ ಒಂದನ್ನೇ ಮಾರುವ ಅಂಗಡಿಗಳು ಊರೂರಲ್ಲಿ ಎದ್ದವು. ವ್ಯವಹಾರ ಬದುಕಿಕೊಂಡದ್ದೇ ಇದರಿಂದ ಎನ್ನುವವರಿದ್ದಾರೆ. ಆದರೆ ಅಂಥ ಅಂಗಡಿಯನ್ನು ಹುಡುಕಿಕೊಂಡು ಹೋಗುವವನು ಆಗಲೇ ಓದುಗನಾಗಿರುವವನು. ಅಮ್ಮನ ಕೈಹಿಡಿದು ಸಾಮಾನು ತರಲು ಹೋದ ಎಂಟು ವರ್ಷದ ಮಗುವಿನ ಕಣ್ಣಿಗೆ ಬೀಳುತ್ತಿದ್ದ ತಂತಿಯ ಸ್ಟ್ಯಾಂಡು ಕ್ರಮೇಣ ಮಾಯವಾಯಿತು.

ಈ ಹೊತ್ತಿನಲ್ಲೇ ಹೊಸ ಓದುಗನಿಗೆಂದು, ಅಂದರೆ ಅಕ್ಷರಕ್ಕೇ ಹೊಸಬನಾದ ಮಗುವಿಗೆಂದು ಒಂದು ಪ್ರಯತ್ನ ನಡೆಯಿತು. 'ಸೆಸೇಮ್ ಸ್ಟ್ರೀಟ್' ಖ್ಯಾತಿಯ ಚಿಲ್ಡ್ರನ್ಸ್ ಟೆಲಿವಿಷನ್ ವರ್ಕ್‌ಶಾಪ್ 1971ರಲ್ಲಿ 'ದಿ ಎಲೆಕ್ಟ್ರಿಕ್ ಕಂಪನಿ' ಎಂಬ ಟಿ.ವಿ. ಕಾರ್ಯಕ್ರಮ ಆರಂಭಿಸಿತ್ತು. ಶಾಲೆ ಸೇರಿಯೂ ಓದಿನಲ್ಲಿ ಹಿಂದುಳಿದ ಏಳರಿಂದ ಹತ್ತು ವರ್ಷದ ಮಕ್ಕಳಿಗಾಗಿ ಮಾಡಿದ ಕಾರ್ಯಕ್ರಮವದು. ಮುಂದೆ ಹಾಲಿವುಡ್‌ನಲ್ಲಿ ಹೆಸರಾದ ಮೋರ್ಗನ್ ಫ್ರೀಮನ್ ಅದರ ನಟರಲ್ಲೊಬ್ಬರು. 1974ರಲ್ಲಿ ಅಲ್ಲಿಗೆ ಸ್ಪೈಡರ್‌ಮ್ಯಾನ್ ಬಂದ. ಆತ ಬಾಯಿ ಬಿಡುತ್ತಿರಲಿಲ್ಲ. ಇತರ ಪಾತ್ರಗಳೆಲ್ಲ ಮಾತನಾಡುತ್ತಿದ್ದವು, ಇವನ ಮಾತು ಮಾತ್ರ ಕಾಮಿಕ್ಸ್‌ನಲ್ಲಿರುವಂತೆ ತಲೆಯ ಪಕ್ಕದ ಗುಳ್ಳೆಯಲ್ಲಿ ಅಕ್ಷರವಾಗಿ ಮೂಡುತ್ತಿತ್ತು. ನೆಚ್ಚಿನ ವೀರ ಏನೆಂದ ಎಂದು ತಿಳಿಯಬೇಕಾದರೆ ಮಗು ಓದಲೇಬೇಕು! ಇಷ್ಟು ಸರಳವಾದ, ಇಷ್ಟು ಜಾಣತನದ ಉಪಾಯವನ್ನು ಯಾವ ಪಠ್ಯಪುಸ್ತಕ ಸಮಿತಿಯೂ ಹೂಡಿದಂತಿಲ್ಲ.

ಅದೇ ವರ್ಷದ ಅಕ್ಟೋಬರ್‌ನಲ್ಲಿ ಮಾರ್ವೆಲ್ ಸಂಸ್ಥೆ ಅದರ ಜೊತೆಗೂಡಿ 'ಸ್ಪೈಡಿ ಸೂಪರ್ ಸ್ಟೋರೀಸ್' ಪತ್ರಿಕೆ ಹೊರಡಿಸಿತು. ಪುಟಕ್ಕೆ ಕೆಲವೇ ಚಿತ್ರ, ದೊಡ್ಡ ಅಕ್ಷರ, ಚಿಕ್ಕ ವಾಕ್ಯ, ಗುಳ್ಳೆಯಲ್ಲಿ ಕಿಕ್ಕಿರಿಯದ ಮಾತು. ಇದನ್ನು ಓದುವುದು ಸುಲಭ ಎಂದು ಮುಖಪುಟದಲ್ಲೇ ಭರವಸೆ. ಸುಲಭವೆಂದು ಕಾಟಾಚಾರಕ್ಕೆ ಮಾಡಿದ ಕೆಲಸವಲ್ಲ: ಬಹುಪಾಲು ಚಿತ್ರ ಬರೆದ ವಿನ್ ಮಾರ್ಟಿಮರ್ ಹಿಂದೆ ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್‌ಗಳ ಮುಖಪುಟ ಬರೆದು ಪಳಗಿದ ಕೈ. 1982ರವರೆಗೆ 57 ಸಂಚಿಕೆಗಳು ಬಂದವು.

ಹಳೆಯ ಅಭಿಮಾನಿಗಳು ಈ ಪತ್ರಿಕೆಯನ್ನು ನೆನೆಯುವುದು ನಗುವುದಕ್ಕೆ. 1979ರ 39ನೆಯ ಸಂಚಿಕೆಯಲ್ಲಿ ವಿಶ್ವವನ್ನೇ ನಡುಗಿಸುವ ಖಳ ಥಾನೋಸ್, ತನ್ನ ಹೆಸರು ಬರೆಸಿಕೊಂಡ ಹೆಲಿಕಾಪ್ಟರಿನಲ್ಲಿ ಬರುತ್ತಾನೆ. ಕೊನೆಗೆ ಸಾಮಾನ್ಯ ಕಳ್ಳನಂತೆ ಪೊಲೀಸರ ಕೈಗೆ ಸಿಕ್ಕಿಬೀಳುತ್ತಾನೆ. ಈ ಹೆಲಿಕಾಪ್ಟರು ಎಷ್ಟು ತಮಾಷೆಯ ವಸ್ತುವಾಯಿತೆಂದರೆ 2021ರ 'ಲೋಕಿ' ಧಾರಾವಾಹಿಯಲ್ಲಿ ಅದನ್ನು ಒಂದು ಮೂಲೆಯಲ್ಲಿ ತೋರಿಸಿದರು. ನಗುವವರು ನಗಲಿ. ಹೆಲಿಕಾಪ್ಟರಿನ ಬಾಲದ ಮೇಲೆ ಬರೆದ ಹೆಸರನ್ನು ಆರು ವರ್ಷದ ಮಗು ಅಕ್ಷರ ಕೂಡಿಸಿ ಓದುತ್ತದೆ, ಬಂದವನು ಯಾರೆಂದು ಅದಕ್ಕೆ ತಿಳಿಯುತ್ತದೆ. ಬರೆದವರ ಉದ್ದೇಶ ಅದೇ ಆಗಿತ್ತಲ್ಲ?

ಈ ಪತ್ರಿಕೆಯ ಮೇಲೆ ಹೊರಿಸಬಹುದಾದ ನಿಜವಾದ ದೂರು ಬೇರೆ. ಅದೂ ಪತ್ರಿಕೆಯ ತಪ್ಪಲ್ಲ. ಇದನ್ನು ಓದಿ ಮುಗಿಸಿದ ಮಗು ಮುಂದೇನು ಓದಬೇಕು? ಅದೇ ಅವಧಿಯ ಮುಖ್ಯ 'ಸ್ಪೈಡರ್‌ಮ್ಯಾನ್' ಮಾಲಿಕೆಯಲ್ಲಿ ನಾಯಕನ ಪ್ರಿಯತಮೆ ಗ್ವೆನ್ ಸ್ಟೇಸಿ 1973ರಲ್ಲಿ ಸತ್ತಿದ್ದಳು. 1975ರಲ್ಲಿ ಅವಳ ತದ್ರೂಪಿಯೊಬ್ಬಳು ಎದುರು ಬಂದು ನಿಂತಳು, ಹಿಂದೆಯೇ ನಾಯಕನದೂ ಒಂದು ತದ್ರೂಪು. ಎರಡು ವರ್ಷದ ಸಂಚಿಕೆಗಳನ್ನು ಬಲ್ಲವನಿಗೆ ರೋಮಾಂಚನ. ಟಿ.ವಿ.ಯಲ್ಲಿ ಅಕ್ಷರ ಕಲಿತು ಬಂದವನಿಗೆ ಈಕೆ ಯಾರು, ಇವನೇಕೆ ಅಳುತ್ತಿದ್ದಾನೆ ಎಂಬುದೇ ತಿಳಿಯದು. ಮೊದಲ ಮೆಟ್ಟಿಲನ್ನು ಒಳ್ಳೆಯ ಕಲ್ಲಿನಲ್ಲಿ ಕಟ್ಟಿದ್ದರು, ಎರಡನೆಯ ಮೆಟ್ಟಿಲು ಆಳೆತ್ತರಕ್ಕಿತ್ತು.

ತೊಡಕು ಪ್ರಕಾಶಕರಿಗೂ ಗೊತ್ತಿತ್ತು. ಐವತ್ತು ವರ್ಷಗಳ ಕಥೆ, ಒಂದೇ ವೀರನಿಗೆ ಹಲವು ಭೂಮಿಗಳಲ್ಲಿ ಹಲವು ರೂಪ. ಇದನ್ನೆಲ್ಲ ಗುಡಿಸಿ ಹೊಸಬರಿಗೆ ಜಾಗ ಮಾಡಲು ಡಿ.ಸಿ. ಸಂಸ್ಥೆ 1985-86ರಲ್ಲಿ 'ಕ್ರೈಸಿಸ್ ಆನ್ ಇನ್‌ಫಿನಿಟ್ ಅರ್ತ್ಸ್' ಎಂಬ 12 ಸಂಚಿಕೆಗಳ ಕಥೆ ಹೂಡಿತು. ಆದರೆ ಈ ಗುಡಿಸುವ ಕಥೆ ಅರ್ಥವಾಗಬೇಕಾದರೆ ಕಸವೆಲ್ಲ ಎಲ್ಲಿಂದ ಬಂತೆಂದು ಗೊತ್ತಿರಬೇಕಿತ್ತು! 1994ರಲ್ಲಿ ಇನ್ನೊಮ್ಮೆ, 2011ರಲ್ಲಿ ಮತ್ತೊಮ್ಮೆ ಗುಡಿಸಿದರು.

ಇಷ್ಟರ ನಡುವೆ ಮಕ್ಕಳ ಪಂಕ್ತಿಯಿಂದಲೇ ಒಂದು ಒಳ್ಳೆಯ ಕೆಲಸ ಎದ್ದುಬಂತು. 1992ರ ಸೆಪ್ಟೆಂಬರ್‌ನಲ್ಲಿ ಬ್ಯಾಟ್‌ಮ್ಯಾನ್ ಕಾರ್ಟೂನ್ ಧಾರಾವಾಹಿ ಅಮೆರಿಕದ ಟಿ.ವಿ.ಯಲ್ಲಿ ಆರಂಭವಾಯಿತು. ಅದರ ಬೆನ್ನಿಗೇ 'ದಿ ಬ್ಯಾಟ್‌ಮ್ಯಾನ್ ಅಡ್ವೆಂಚರ್ಸ್' ಪತ್ರಿಕೆ ಹೊರಟಿತು. ಕೆಲ್ಲಿ ಪಕೆಟ್ ಮುಖ್ಯ ಕಥೆಗಾರ. ಟೈ ಟೆಂಪಲ್ಟನ್, ಮೈಕ್ ಪ್ಯಾರೊಬೆಕ್, ರಿಕ್ ಬರ್ಚೆಟ್ ಚಿತ್ರಗಾರರು. ನಾಟಕದಂತೆ ಮೂರು ಅಂಕಗಳಲ್ಲಿ ಸಾಮಾನ್ಯವಾಗಿ ಒಂದು ಸಂಚಿಕೆಗೆ ಒಂದು ಕಥೆ. ಮಾತು ಕಡಿಮೆ, ರೇಖೆ ಇನ್ನೂ ಕಡಿಮೆ. ಕೆಲವೇ ಗೆರೆಗಳಲ್ಲಿ ಮುಖಭಾವ ತರುವುದು ಸ್ನಾಯುಗಳ ಮೇಲೆ ಸ್ನಾಯು ಬರೆಯುವುದಕ್ಕಿಂತ ಕಷ್ಟದ ವಿದ್ಯೆ ಎಂಬುದನ್ನು ಚಿತ್ರ ಬಲ್ಲವರು ಒಪ್ಪುತ್ತಾರೆ.

ಅದೇ ಕಾಲದಲ್ಲಿ ದೊಡ್ಡವರ ಪತ್ರಿಕೆಗಳಲ್ಲಿ ಏನು ನಡೆಯುತ್ತಿತ್ತು? 1992ರ ನವೆಂಬರ್‌ನಲ್ಲಿ ಸೂಪರ್‌ಮ್ಯಾನ್‌ನನ್ನು ಕೊಂದರು. ಕಪ್ಪು ಚೀಲದಲ್ಲಿ ಮುಚ್ಚಿಟ್ಟ ಆ ಸಂಚಿಕೆಗೆ ಜನ ಸಾಲುಗಟ್ಟಿದರು. ಮುಂದೆ ಬೆಲೆ ಏರೀತೆಂದು ಚೀಲ ಬಿಚ್ಚದೆಯೇ ಇಟ್ಟುಕೊಂಡವರೂ ಉಂಟು. 1993ರಲ್ಲಿ ಬೇನ್ ಎಂಬ ಖಳ ಬ್ಯಾಟ್‌ಮ್ಯಾನ್‌ನ ಬೆನ್ನುಮೂಳೆ ಮುರಿದ. ಆ ಕಥೆ ಹಲವು ಪತ್ರಿಕೆಗಳಿಗೆ ಹರಡಿಕೊಂಡು ಮರುವರ್ಷಕ್ಕೂ ಬೆಳೆಯಿತು. ಕೈಯಲ್ಲಿರುವ ಚಿಲ್ಲರೆಗೆ ಒಂದೇ ಪುಸ್ತಕ ಕೊಳ್ಳಬಲ್ಲ ಹುಡುಗನಿಗೆ ಆ ದಿನಗಳಲ್ಲಿ ಅಂಗಡಿಯಲ್ಲಿ ಪೂರ್ತಿ ಕಥೆ ಸಿಗುತ್ತಿದ್ದ ಬ್ಯಾಟ್‌ಮ್ಯಾನ್ ಎಂದರೆ ಮಕ್ಕಳ ಬ್ಯಾಟ್‌ಮ್ಯಾನ್.

ಇದು ಬರೀ ಮಕ್ಕಳಿಗೆ ಸೀಮಿತವಾದ ಗುಣವೂ ಆಗಿರಲಿಲ್ಲ. ಕಾರ್ಟೂನಿನ ಪಾಲ್ ಡಿನಿ ಮತ್ತು ಬ್ರೂಸ್ ಟಿಮ್ ಸೇರಿ 1994ರಲ್ಲಿ ಇದೇ ಮಾಲಿಕೆಯಡಿ ತಂದ 'ಮ್ಯಾಡ್ ಲವ್' ಎಂಬ ವಿಶೇಷ ಸಂಚಿಕೆಗೆ ಐಸ್ನರ್ ಪ್ರಶಸ್ತಿ ಬಂತು. ರೋಗಿಯನ್ನು ಗುಣಪಡಿಸಬೇಕಾದ ವೈದ್ಯೆ ಆತನನ್ನೇ ಪ್ರೀತಿಸಿ ಕೆಡುವ ಕಥೆ ಅದು. ಕಾರ್ಟೂನಿಗಾಗಿ ಹುಟ್ಟಿದ ಆ ಹಾರ್ಲಿ ಕ್ವಿನ್, ಮಕ್ಕಳ ಪತ್ರಿಕೆಯ ಮೂಲಕ ಕಾಮಿಕ್ಸ್‌ಗೆ ಬಂದು, ದೊಡ್ಡವರ ಮಾಲಿಕೆಯೊಳಗೆ ಪ್ರವೇಶ ಪಡೆದದ್ದು 1999ರಲ್ಲಿ. ಪಡಸಾಲೆಯಲ್ಲಿದ್ದವಳನ್ನು ನಡುಮನೆಯವರು ಬಂದು ಕರೆದುಕೊಂಡು ಹೋದರು.

ಆದರೂ ಅಭಿಮಾನಿಗಳ ಲೆಕ್ಕದಲ್ಲಿ ಈ ಕಥೆಗಳು 'ನಿಜವಾಗಿ ನಡೆದವಲ್ಲ'. ಮುಖ್ಯ ಮಾಲಿಕೆಯ ಇತಿಹಾಸಕ್ಕೆ ಸೇರದವು, ಆದ್ದರಿಂದ ಓದದಿದ್ದರೂ ನಷ್ಟವಿಲ್ಲ ಎಂಬ ಭಾವ. ಕಟ್ಟುಕಥೆಯಲ್ಲಿ ನಿಜವಾಗಿ ನಡೆದದ್ದು, ನಡೆಯದ್ದು ಎಂಬ ಈ ಪಂಕ್ತಿಭೇದ ಹೊರಗಿನವರಿಗೆ ವಿಚಿತ್ರವೆನಿಸುತ್ತದೆ. ಮುಖ್ಯ ಗಿರಾಕಿಯೇ ಹೀಗೆಂದಮೇಲೆ ಅಂಗಡಿಯವನು ಹತ್ತಿಪ್ಪತ್ತು ಪ್ರತಿ ತರಿಸಿ ಕೈಸುಟ್ಟುಕೊಳ್ಳುವನೆ? ವಾಪಸು ಕಳಿಸುವಂತಿಲ್ಲವಲ್ಲ.

2008ರಲ್ಲಿ ಆರಂಭವಾದ ಡಿ.ಸಿ.ಯ 'ಟೈನಿ ಟೈಟನ್ಸ್' ಇನ್ನೊಂದು ಬಗೆಯದು. ವೀರರೆಲ್ಲ ಪುಟಾಣಿ ಶಾಲಾಮಕ್ಕಳು. ಕ್ರೂರಿ ಸ್ಲೇಡ್ ಹೆಡ್‌ಮಾಸ್ತರು. ಮುದ್ದಾದ ಕೆಲಸ, ಐಸ್ನರ್ ಪ್ರಶಸ್ತಿಯೂ ಬಂತು. ಆದರೆ ಸ್ಲೇಡ್ ಹೆಡ್‌ಮಾಸ್ತರಾಗಿರುವುದರಲ್ಲಿ ತಮಾಷೆ ಏನೆಂದು ತಿಳಿಯಲು ಆತ ಹಿಂದೆ ಮಾಡಿದ ಪಾತಕಗಳು ಗೊತ್ತಿರಬೇಕು. ಮಗುವೂ ನಗುತ್ತದೆ, ಪಕ್ಕದಲ್ಲಿ ಕುಳಿತ ಅಪ್ಪ ಇನ್ನೂ ಹೆಚ್ಚು ನಗುತ್ತಾನೆ. ಮಕ್ಕಳಿಗೆಂದು ಹೆಸರಿಟ್ಟು ದೊಡ್ಡವರ ನೆನಪುಗಳಿಗೆ ಬಡಿಸುವ ಈ ಚಾಳಿ ಇದೊಂದಕ್ಕೇ ಸೀಮಿತವಲ್ಲ.

ಒಳಮನೆಯ ಸ್ಥಿತಿಯೂ ಒಮ್ಮೊಮ್ಮೆ ಮುಜುಗರದ್ದೇ. 2003ರಿಂದ 2006ರವರೆಗೆ ಬಂದ 'ಟೀನ್ ಟೈಟನ್ಸ್' ಕಾರ್ಟೂನಿನಲ್ಲಿ ಸ್ಟಾರ್‌ಫೈರ್ ಎಂಬ ಬಾಹ್ಯಲೋಕದ ಹುಡುಗಿ ಬಾಲಕಿಯರಿಗೆ ಅಚ್ಚುಮೆಚ್ಚಾಗಿದ್ದಳು. 2011ರಲ್ಲಿ ಡಿ.ಸಿ. ಹೊಸ ಓದುಗರನ್ನು ಸೆಳೆಯಲೆಂದೇ 52 ಪತ್ರಿಕೆಗಳನ್ನು ಒಂದನೆಯ ಸಂಚಿಕೆಯಿಂದ ಆರಂಭಿಸಿದಾಗ, ಅವುಗಳಲ್ಲೊಂದರಲ್ಲಿ ಅದೇ ಹೆಸರಿನವಳು ಗಂಡಸರ ಕಣ್ಣಿಗೆ ಹಬ್ಬವಾಗುವಂತೆ ಅರೆಬಟ್ಟೆಯಲ್ಲಿ ಕಾಣಿಸಿಕೊಂಡಳು. ಓದುಗರಿಂದ ಸಾಕಷ್ಟು ಟೀಕೆ ಬಂತು. ಹೊಸ ಓದುಗ ಎಂದಾಗ ಪ್ರಕಾಶಕರ ಮನಸ್ಸಿನಲ್ಲಿದ್ದವರು ಯಾರು ಎಂಬುದಂತೂ ಸ್ಪಷ್ಟವಾಯಿತು.

ಮಕ್ಕಳು ಅಷ್ಟರಲ್ಲಿ ಬೇರೆ ದಾರಿ ಹಿಡಿದಿದ್ದರು. ಸ್ಕೊಲಾಸ್ಟಿಕ್ ಸಂಸ್ಥೆ ಶಾಲೆಗಳೊಳಗೇ ಪುಸ್ತಕ ಮೇಳ ನಡೆಸುವುದಕ್ಕೆ ಹೆಸರಾದದ್ದು. ಅದು 2005ರಲ್ಲಿ 'ಗ್ರಾಫಿಕ್ಸ್' ಎಂಬ ಕಾಮಿಕ್ಸ್ ವಿಭಾಗ ತೆರೆಯಿತು. ಹಲ್ಲು ಮುರಿದುಕೊಂಡ ಹುಡುಗಿಯ ಕಥೆಯಾದ ರೈನಾ ಟೆಲ್ಗೆಮೈರ್ ಅವರ 'ಸ್ಮೈಲ್' 2010ರಲ್ಲಿ ಬಂತು. 2016ರಲ್ಲಿ ಡೇವ್ ಪಿಲ್ಕಿ ಅವರ 'ಡಾಗ್ ಮ್ಯಾನ್' ಬಂತು: ನಾಯಿಯ ತಲೆ, ಪೊಲೀಸಿನವನ ಮೈ. 2019ರಲ್ಲಿ ಅದರ ಒಂದು ಭಾಗದ ಮೊದಲ ಮುದ್ರಣವೇ 50 ಲಕ್ಷ ಪ್ರತಿ. ಅಂಗಡಿಗೆ ಬರುವುದಿಲ್ಲವೆಂದು ಅಂದುಕೊಂಡಿದ್ದ ಮಕ್ಕಳೆಲ್ಲ ಇಲ್ಲಿದ್ದರು.

ಪಿಲ್ಕಿ ಅವರ ಹಿಂದಿನ 'ಕ್ಯಾಪ್ಟನ್ ಅಂಡರ್‌ಪ್ಯಾಂಟ್ಸ್' ಸೂಪರ್‌ಹೀರೋಗಳ ಅಣಕವೇ. ಕಾಗುಣಿತ ತಪ್ಪಿದ ಕಾಮಿಕ್ಸ್ ಬರೆಯುವ ಇಬ್ಬರು ತುಂಟ ಹುಡುಗರ ಕಥೆ ಅದು. 2012 ಮತ್ತು 2013ರಲ್ಲಿ ಅಮೆರಿಕದ ಗ್ರಂಥಾಲಯಗಳಲ್ಲಿ ಅತಿ ಹೆಚ್ಚು ಆಕ್ಷೇಪಣೆಗೆ ಗುರಿಯಾದ ಪುಸ್ತಕಗಳ ಪಟ್ಟಿಯಲ್ಲಿ ಅದಕ್ಕೇ ಮೊದಲ ಸ್ಥಾನ. ಸ್ಟರ್ಲಿಂಗ್ ನಾರ್ತ್ ಅವರ ಸಂತತಿ ಅಳಿದಿಲ್ಲ. ಅದಿರಲಿ. ಡಾಗ್ ಮ್ಯಾನ್ ಪುಸ್ತಕಗಳ ಮೊದಲ ಪುಟಗಳಲ್ಲಿ ಈ ಹುಡುಗರು ಇದುವರೆಗಿನ ಕಥೆ ಹೇಳುತ್ತಾರೆ: ಸ್ಫೋಟ, ಆಸ್ಪತ್ರೆ, ನಾಯಿಯ ತಲೆ ಮನುಷ್ಯನ ಮೈಗೆ ಹೊಲಿದದ್ದು. ಬಳಿಕವೇ ಹೊಸ ಕಥೆ. ಲೀ ಫಾಕ್ ಎಂಬತ್ತು ವರ್ಷ ಹಿಂದೆ ಮಾಡಿದ್ದು ಇದನ್ನೇ.

ದೊಡ್ಡ ಸಂಸ್ಥೆಗಳೂ ಈಗ ಆ ದಾರಿಗೆ ಬಂದಿವೆ. 2021ರಲ್ಲಿ ಮಾರ್ವೆಲ್‌ನ ವೀರರು ಸ್ಕೊಲಾಸ್ಟಿಕ್ ಮೂಲಕವೇ ಮಕ್ಕಳ ಕೈಸೇರಿದರು. ಡಿ.ಸಿ. ಪ್ರಕಟಿಸಿದವುಗಳಲ್ಲಿ ಜೀನ್ ಲುಯೆನ್ ಯಾಂಗ್ ಬರೆದು, ಗುರಿಹಿರು ಎಂಬ ಜಪಾನಿ ಜೋಡಿ ಚಿತ್ರಿಸಿದ 'ಸೂಪರ್‌ಮ್ಯಾನ್ ಸ್ಮ್ಯಾಶಸ್ ದಿ ಕ್ಲ್ಯಾನ್' ಎಲ್ಲಕ್ಕಿಂತ ಗಟ್ಟಿಯಾದದ್ದು ಎನ್ನಬೇಕು. 2019-20ರಲ್ಲಿ ಮೂರು ಭಾಗಗಳಲ್ಲಿ ಬಂದ ಇದಕ್ಕೆ 1946ರ ಒಂದು ರೇಡಿಯೋ ನಾಟಕವೇ ಮೂಲ. ಚೀನೀ ಮೂಲದ ಲೀ ಕುಟುಂಬ ಹೊಸ ಬಡಾವಣೆಗೆ ಮನೆ ಬದಲಿಸುತ್ತದೆ. ಬಿಳಿಯರ ಶ್ರೇಷ್ಠತೆಯ ಮುಸುಕುಧಾರಿಗಳು ಮನೆಯ ಮುಂದೆ ಶಿಲುಬೆಗೆ ಬೆಂಕಿ ಇಡುತ್ತಾರೆ. ಮಗಳು ರಾಬರ್ಟಾ ಅಂಜುಬುರುಕಿ, ಹೊಸ ಶಾಲೆಗೆ ಹೊಸಬಳು. ಸೂಪರ್‌ಮ್ಯಾನ್ ಕೂಡ ಇಲ್ಲಿ 1938ರ ಮೊದಲ ಕಥೆಗಳಲ್ಲಿದ್ದಂತೆ ಹಾರುವುದಿಲ್ಲ, ಜಿಗಿಯುತ್ತಾನೆ. ಬೇರೆ ಲೋಕದವನೆಂದು ಜನ ಅಂಜಿಯಾರೆಂದು ತನ್ನ ಶಕ್ತಿಯನ್ನು ತಾನೇ ಅಡಗಿಸಿಕೊಂಡಿದ್ದಾನೆ. ಹುಡುಗಿಯೂ ಹೊಸಬಳು, ವೀರನೂ ಹೊಸಬ, ಓದುವ ಮಗುವೂ ಹೊಸದು. ಎಂಬತ್ತು ವರ್ಷದ ಇತಿಹಾಸ ಯಾರಿಗೂ ಅಡ್ಡ ಬರುವುದಿಲ್ಲ. ದ್ವೇಷದಂಥ ಭಾರವಾದ ವಿಷಯವನ್ನು ಮಕ್ಕಳಿಗೆಂದು ನೀರು ಮಾಡಿಯೂ ಇಲ್ಲ. 2021ರಲ್ಲಿ ಇದಕ್ಕೆ ಮಕ್ಕಳ ವಿಭಾಗದ ಐಸ್ನರ್ ಪ್ರಶಸ್ತಿ ಸಂದಿತು.

ಕಥೆ ಅಲ್ಲಿಗೇ ಮುಗಿಯುತ್ತದೆ, ಅದಕ್ಕೆ ಮುಂದುವರಿದ ಭಾಗವಿಲ್ಲ. ಪುಸ್ತಕ ಮಡಚಿಟ್ಟ ಮಗು ಇನ್ನೊಂದು ಸೂಪರ್‌ಮ್ಯಾನ್ ಬೇಕೆಂದು ಕಪಾಟಿಗೆ ಕೈಹಾಕಿದರೆ, ಪಕ್ಕದಲ್ಲಿ ಸಿಗುವ ಪುಸ್ತಕದ ಬೆನ್ನಿನ ಮೇಲೆ 'ಸಂಪುಟ 4' ಎಂದು ಬರೆದಿರಬಹುದು.